ಕೊಡಗಿನ ಬೆಟ್ಟಗಳ ಮೇಲೆ ಸಣ್ಣ ವಿಮಾನ: ಹಾರಾಟದ ಮೂಲ ನಿಯಮಗಳನ್ನು ಯಾವ ಕ್ರಮದಲ್ಲಿ ಪಾಲಿಸಬೇಕು

ಪೈಲಟ್ ತರಬೇತಿಗೆ ಸೇರಿದ ಕೊಡಗಿನ ಹುಡುಗ ಹುಡುಗಿಯರು ರಜೆಗೆ ಊರಿಗೆ ಬಂದಾಗ ಅವರ ಜೊತೆ ಕೂತು ನಕ್ಷೆ ಬಿಡಿಸುವುದು ನನಗೆ ರೂಢಿ. ಎದುರಿನಿಂದ ವಿಮಾನ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ: ಇಬ್ಬರೂ ಬಲಕ್ಕೆ ತಿರುಗಬೇಕು. ಪುಸ್ತಕದ ನಿಯಮಗಳೆಲ್ಲ ಬಾಯಲ್ಲಿವೆ. ಆದರೆ ಮೈಸೂರಿನಿಂದ ಹೊರಟು ಮಡಿಕೇರಿಯ ಮೇಲೆ ಹೋಗಿ ವಾಪಸ್ ಬರುವ ಯೋಜನೆ ಬರೆಯಿರಿ ಎಂದರೆ ಹೆಚ್ಚಿನವರು ಒಂದೇ ಜಾಗದಲ್ಲಿ ಎಡವುತ್ತಾರೆ. ಮೊದಲು ದಾರಿಯ ಗೆರೆ ಎಳೆದು, ಆಮೇಲೆ ಹಾರುವ ಎತ್ತರ ಬರೆದು, ಕೊನೆಗೆ ಸಮಯ ಉಳಿದರೆ ಕೆಳಗಿನ ನೆಲ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತಾರೆ.

ಬಯಲುಸೀಮೆಯಲ್ಲಿ ಈ ಕ್ರಮ ನಡೆದುಹೋಗುತ್ತದೆ. ಕೊಡಗಿನಲ್ಲಿ ನಡೆಯುವುದಿಲ್ಲ. ಇಲ್ಲಿ ಮೊದಲು ನೆಲ, ನಂತರ ಎತ್ತರ, ನಂತರ ಮೋಡ, ಅದಾದ ಮೇಲೆ ಉಳಿದ ವಿಮಾನಗಳು. ಈ ಬರಹ ಕಣ್ಣಿನ ನೋಟವನ್ನೇ ನಂಬಿ ಹಾರುವ ವಿಎಫ್‌ಆರ್ ಹಾರಾಟಕ್ಕೆ ಮಾತ್ರ. ಕಲಿಕೆಯಲ್ಲಿರುವವರು ತಮ್ಮ ತರಬೇತುದಾರರ ಒಪ್ಪಿಗೆಯಿಲ್ಲದೆ ಇದರ ಯಾವ ಭಾಗವನ್ನೂ ಆಕಾಶದಲ್ಲಿ ಪ್ರಯೋಗಿಸಬಾರದು.

ಮೇಜಿನ ಮೇಲೆ ಏನೇನು ಇರಬೇಕು

ಹೊಸ ಆವೃತ್ತಿಯ ವೈಮಾನಿಕ ನಕ್ಷೆ, ಸ್ಕೇಲು, ಪ್ರೊಟ್ರಾಕ್ಟರ್, ಫ್ಲೈಟ್ ಕಂಪ್ಯೂಟರ್, ನಿಮ್ಮ ವಿಮಾನದ ಹ್ಯಾಂಡ್‌ಬುಕ್, ಆ ದಿನದ ಹವಾಮಾನ ವರದಿ ಮೆಟಾರ್ ಮತ್ತು ಹವಾಮಾನ ಮುನ್ಸೂಚನೆ ಟ್ಯಾಫ್, ಪೈಲಟ್‌ಗಳಿಗೆ ಹೊರಡಿಸುವ ಸೂಚನೆಯಾದ ಆ ದಿನದ ನೋಟಾಮ್. ಇವುಗಳ ಜೊತೆ ಒಂದು ಪೆನ್ಸಿಲ್. ಟ್ಯಾಬ್ಲೆಟ್‌ನಲ್ಲಿ ನಕ್ಷೆ ಇದ್ದರೂ ಕಾಗದದ ನಕ್ಷೆಯ ಮೇಲೆ ಕೈಯಾರೆ ಒಮ್ಮೆ ಗೆರೆ ಎಳೆಯಿರಿ. ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಿ ನೋಡುವ ಪರದೆಯಲ್ಲಿ ಬೆಟ್ಟದ ಎತ್ತರ ಬರೆದ ಅಂಕಿ ಎಷ್ಟೋ ಸಲ ಕಣ್ಣಿಗೆ ಬೀಳುವುದೇ ಇಲ್ಲ.

ಹಂತ 1: ಮೊದಲು ನಿಮ್ಮನ್ನು ನೋಡಿಕೊಳ್ಳಿ

ಭಾರತದಲ್ಲಿ ಹಾರಾಟಕ್ಕೆ ಮುಂಚಿನ 12 ಗಂಟೆಗಳಲ್ಲಿ ಮದ್ಯ ಮುಟ್ಟುವಂತಿಲ್ಲ. ಉಸಿರಿನ ಪರೀಕ್ಷೆಯಲ್ಲಿ ಅಂಕಿ ಸೊನ್ನೆಯೇ ಇರಬೇಕು. ಸ್ವಲ್ಪ ಇದ್ದರೂ ಪರವಾಗಿಲ್ಲ ಎನ್ನುವ ಮಿತಿ ಇಲ್ಲಿಲ್ಲ. ನಮ್ಮ ಕಡೆ ಮದುವೆ, ಹುತ್ತರಿ, ಕೈಲ್ ಪೊಳ್ದ್ ಎಂದರೆ ಮನೆತುಂಬ ನೆಂಟರು, ಉಪಚಾರ. ಮನೆಯಲ್ಲೇ ಮಾಡಿದ ವೈನ್ ಕೂಡ ಮದ್ಯವೇ. ಅರಿಷ್ಟ, ಆಸವಗಳಲ್ಲೂ, ಕೆಲವು ಮೌತ್‌ವಾಶ್‌ಗಳಲ್ಲೂ ಮದ್ಯಸಾರ ಇರುತ್ತದೆ. 12 ಗಂಟೆ ಎನ್ನುವುದು ಕನಿಷ್ಠ ಮಾತ್ರ. ರಾತ್ರಿ ಹೆಚ್ಚು ಕುಡಿದವರ ದೇಹ ಅಷ್ಟರಲ್ಲಿ ಖಾಲಿಯಾಗಿರುವ ಖಾತರಿಯಿಲ್ಲ. ಹಬ್ಬದ ಮರುದಿನ ಹಾರಾಟವನ್ನೇ ಇಟ್ಟುಕೊಳ್ಳಬೇಡಿ.

ನೆಗಡಿಯಿಂದ ಕಿವಿ ಕಟ್ಟಿದ್ದರೂ ಹೋಗಬೇಡಿ. ಬೆಟ್ಟ ದಾಟಲು ಏರಿ ಮತ್ತೆ ಇಳಿಯುವಾಗ ಕಿವಿಯೊಳಗಿನ ಒತ್ತಡ ಸರಿಹೋಗದಿದ್ದರೆ ಆ ನೋವಿನಲ್ಲಿ ಬೇರೆ ಏನೂ ತೋಚುವುದಿಲ್ಲ.

ಹಂತ 2: ನೆಲದ ಎತ್ತರವನ್ನು ಸಾಲಾಗಿ ಬರೆಯಿರಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೈಸೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಕುಶಾಲನಗರದ ನೆಲ ಸುಮಾರು 2,700 ಅಡಿ. ಮಡಿಕೇರಿ ಸುಮಾರು 3,800 ಅಡಿ. ಮಡಿಕೇರಿಯಿಂದ ನೈಋತ್ಯಕ್ಕೆ ಕಕ್ಕಬ್ಬೆಯ ಬಳಿಯಿರುವ ತಡಿಯಂಡಮೋಳ್ 1,748 ಮೀಟರ್, ಅಂದರೆ 5,735 ಅಡಿ. ಉತ್ತರಕ್ಕೆ, ಸೋಮವಾರಪೇಟೆಯ ಆಚೆ ಪುಷ್ಪಗಿರಿ 1,712 ಮೀಟರ್, ಸುಮಾರು 5,617 ಅಡಿ. ದಕ್ಷಿಣದ ಗಡಿಯಲ್ಲಿ ಬ್ರಹ್ಮಗಿರಿ 1,608 ಮೀಟರ್, ಸುಮಾರು 5,276 ಅಡಿ. ಇವನ್ನು ನಿಮ್ಮ ಯೋಜನೆಯ ಹಾಳೆಯಲ್ಲಿ ಮೊದಲ ಕಾಲಂ ಆಗಿ ಬರೆಯಿರಿ. ಅಂಕಿಗಳನ್ನು ನಿಮ್ಮ ನಕ್ಷೆಯಿಂದಲೇ ತೆಗೆದುಕೊಳ್ಳಿ. ಬೆಟ್ಟದ ನೆತ್ತಿಯಲ್ಲಿ ನಿಂತಿರುವ ಮೊಬೈಲ್ ಟವರುಗಳ ಎತ್ತರವನ್ನೂ ಕೂಡಿಸಿ.

ಇನ್ನು ಕನಿಷ್ಠ ಎತ್ತರದ ನಿಯಮ. ಪಟ್ಟಣ, ವಸತಿ ಪ್ರದೇಶ, ಬಯಲಲ್ಲಿ ಸೇರಿದ ಜನಸಂದಣಿ ಇವುಗಳ ಮೇಲೆ ಹೋಗುವಾಗ ವಿಮಾನದಿಂದ 600 ಮೀಟರ್ ತ್ರಿಜ್ಯದೊಳಗಿನ ಅತಿ ಎತ್ತರದ ಅಡ್ಡಿಗಿಂತ ಕನಿಷ್ಠ 1,000 ಅಡಿ ಮೇಲಿರಬೇಕು. ಉಳಿದ ಕಡೆ ನೆಲ ಅಥವಾ ನೀರಿನಿಂದ ಕನಿಷ್ಠ 500 ಅಡಿ. ವಿಮಾನ ಏರುವಾಗ, ಇಳಿಯುವಾಗ ಇದಕ್ಕೆ ವಿನಾಯಿತಿ ಇದೆ. ಫೋಟೊ ತೆಗೆಯಲು, ನೆಂಟರ ತೋಟದ ಮೇಲೆ ಸುತ್ತು ಹೊಡೆಯಲು ಇಲ್ಲ.

ಈಗ ಲೆಕ್ಕ ಹಾಕಿ. ಎತ್ತರ ತೋರಿಸುವ ಆಲ್ಟಿಮೀಟರ್‌ನಲ್ಲಿ ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟಕ್ಕೆ ಹೊಂದಿಸಿದ ಆ ಹೊತ್ತಿನ ಗಾಳಿಯ ಒತ್ತಡ, ಇಟ್ಟುಕೊಂಡು 4,500 ಅಡಿಯಲ್ಲಿ ಮೈಸೂರಿನಿಂದ ಪಶ್ಚಿಮಕ್ಕೆ ಹೊರಟಿದ್ದೀರಿ. ಕುಶಾಲನಗರದ ಮೇಲೆ ನಿಮ್ಮ ಕೆಳಗೆ 1,800 ಅಡಿ ಗಾಳಿ ಇದೆ, ತೊಂದರೆಯಿಲ್ಲ. ಅದೇ 4,500 ಅಡಿಯಲ್ಲೇ ಮಡಿಕೇರಿ ತಲುಪಿದಾಗ ಪಟ್ಟಣದಿಂದ ಉಳಿದಿರುವುದು 700 ಅಡಿ ಮಾತ್ರ. ಮುಳ್ಳು ಅಲುಗಿಲ್ಲ, ನೀವು ಒಂದು ಅಡಿಯೂ ಇಳಿದಿಲ್ಲ, ಆದರೂ ನಿಯಮ ಮುರಿದಿದೆ. ಇನ್ನೂ ನೈಋತ್ಯಕ್ಕೆ ಹೋದರೆ ಎದುರಿನ ಬೆಟ್ಟ ನಿಮಗಿಂತ 1,200 ಅಡಿಗೂ ಹೆಚ್ಚು ಎತ್ತರ. ಆಲ್ಟಿಮೀಟರ್ ಹೇಳುವುದು ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು. ನೆಲದ ಸುದ್ದಿ ಅದಕ್ಕೆ ಗೊತ್ತಿಲ್ಲ.

ಕ್ಯೂಎನ್‌ಎಚ್ ತಪ್ಪಿದರೆ ಈ ಲೆಕ್ಕವೂ ಕೆಡುತ್ತದೆ. ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸ ಎಂದರೆ ಸುಮಾರು 30 ಅಡಿ. 10 ಹೆಕ್ಟೊಪಾಸ್ಕಲ್ ಹೆಚ್ಚಿಗೆ ಇಟ್ಟುಕೊಂಡರೆ ಮುಳ್ಳು ತೋರಿಸುವುದಕ್ಕಿಂತ ಸುಮಾರು 300 ಅಡಿ ಕೆಳಗೆ ಹಾರುತ್ತಿರುತ್ತೀರಿ. ಕೊಡಗಿನೊಳಗೆ ಹವಾಮಾನ ವರದಿ ಕೊಡುವ ವಿಮಾನ ನಿಲ್ದಾಣ ಇಲ್ಲ. ಹಾಗಾಗಿ ಹತ್ತಿರದ ನಿಲ್ದಾಣದ ಹೊಸ ಅಂಕಿಯನ್ನು ರೇಡಿಯೊದಲ್ಲಿ ಕೇಳಿ ಪಡೆಯಬೇಕು.

ಕಾಫಿ ತೋಟಗಳಲ್ಲಿ ಔಷಧ ಸಿಂಪಡಿಸುವ, ಹೋಂಸ್ಟೇಗಳಲ್ಲಿ ವಿಡಿಯೊ ಮಾಡುವ ಡ್ರೋನುಗಳು ಈಗ ಎಲ್ಲೆಡೆ ಇವೆ. 2021ರ ಡ್ರೋನ್ ನಿಯಮಗಳ ಪ್ರಕಾರ ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿ ಅವು ನೆಲದಿಂದ 400 ಅಡಿವರೆಗೆ ಹಾರಬಹುದು. ನೀವು 500 ಅಡಿಯ ಕನಿಷ್ಠಕ್ಕೆ ಅಂಟಿಕೊಂಡರೆ ನಡುವೆ ಉಳಿಯುವುದು 100 ಅಡಿ. ಡ್ರೋನ್ ಹಾರಿಸುವವನು ನಿಮಗೆ ದಾರಿ ಬಿಡಬೇಕು ಎಂಬುದು ನಿಜ, ಆದರೆ ಗುಡ್ಡದ ಮರೆಯಿಂದ ಬರುವ ನಿಮ್ಮನ್ನು ಅವನು ನೋಡುವುದಾದರೂ ಹೇಗೆ? ಕೊಡಗಿನಲ್ಲಿ 500 ಅಡಿಯನ್ನು ಯೋಜನೆಯ ಎತ್ತರವಾಗಿ ಬರೆಯಲೇಬೇಡಿ. ದಾರಿಯ ಎರಡೂ ಬದಿ ಐದು ನಾಟಿಕಲ್ ಮೈಲಿಯೊಳಗಿನ ಅತಿ ಎತ್ತರದ ಬೆಟ್ಟಕ್ಕೆ 2,000 ಅಡಿ ಕೂಡಿಸಿ. ಇದು ನಿಯಮಪುಸ್ತಕದ ಅಂಕಿಯಲ್ಲ, ಬೆಟ್ಟಸೀಮೆಗೆ ನಾನು ಕಲಿಸುವ ಲೆಕ್ಕ.

ಹಂತ 3: ಮಟ್ಟ ಆರಿಸಿ

ಮೈಸೂರಿನಿಂದ ಮಡಿಕೇರಿಗೆ ನೇರ ಗೆರೆ ಎಳೆದರೆ ಸುಮಾರು 55 ನಾಟಿಕಲ್ ಮೈಲಿ, ದಿಕ್ಕು ಸುಮಾರು 280 ಡಿಗ್ರಿ. ವಾಪಸ್ ಬರುವಾಗ ಸುಮಾರು 100 ಡಿಗ್ರಿ.

ನೆಲದಿಂದ 3,000 ಅಡಿಗಿಂತ ಮೇಲೆ ಒಂದೇ ಮಟ್ಟದಲ್ಲಿ ಸಾಗುವ ವಿಎಫ್‌ಆರ್ ವಿಮಾನಗಳಿಗೆ ಅರ್ಧವೃತ್ತದ ನಿಯಮ ಅನ್ವಯಿಸುತ್ತದೆ. ಕಾಂತೀಯ ದಿಕ್ಕು 000ದಿಂದ 179ರೊಳಗಿದ್ದರೆ ಬೆಸ ಸಾವಿರಕ್ಕೆ 500 ಸೇರಿಸಿ: 5,500, 7,500. ದಿಕ್ಕು 180ರಿಂದ 359ರೊಳಗಿದ್ದರೆ ಸಮ ಸಾವಿರಕ್ಕೆ 500: 4,500, 6,500, 8,500. ಪೂರ್ವಕ್ಕೆ ಹೋಗುವವರೂ ಪಶ್ಚಿಮಕ್ಕೆ ಹೋಗುವವರೂ ಒಂದೇ ಎತ್ತರದಲ್ಲಿ ಮುಖಾಮುಖಿ ಆಗದಿರಲಿ ಎಂದೇ ಈ ಏರ್ಪಾಡು. ವಾಯು ಸಂಚಾರ ನಿಯಂತ್ರಕರು, ಅಂದರೆ ಎಟಿಸಿ, ಬೇರೆ ಮಟ್ಟ ಕೊಟ್ಟರೆ ಅದೇ ಅಂತಿಮ. ಅಂಕಿಯನ್ನು ಆಲ್ಟಿಟ್ಯೂಡ್ ಎಂದು ಹೇಳಬೇಕೇ ಫ್ಲೈಟ್ ಲೆವೆಲ್ ಎಂದೇ ಎನ್ನುವುದು ಆ ನಿಲ್ದಾಣದ ಟ್ರಾನ್ಸಿಷನ್ ಆಲ್ಟಿಟ್ಯೂಡ್, ಅಂದರೆ ಕ್ಯೂಎನ್‌ಎಚ್ ಬಿಟ್ಟು ಪ್ರಮಾಣಿತ ಒತ್ತಡಕ್ಕೆ ಬದಲಿಸುವ ಎತ್ತರ, ಅದರ ಮೇಲೆ ನಿಂತಿದೆ.

ಹೋಗುವಾಗ 280 ಡಿಗ್ರಿ, ಅಂದರೆ ಸಮ ಸಾವಿರ. 4,500 ಏಕೆ ಆಗದು ಎಂದು ಆಗಲೇ ನೋಡಿದೆವು. 6,500 ಮಡಿಕೇರಿಯ ಮೇಲೆ ಸಾಕು, ಆದರೆ ಅಲ್ಲಿಂದ ತಡಿಯಂಡಮೋಳ್ ಕಡೆ ತಿರುಗಿದರೆ ಶಿಖರಕ್ಕಿಂತ 765 ಅಡಿ ಮಾತ್ರ ಮೇಲೆ. ಬೆಟ್ಟಸಾಲಿನವರೆಗೆ ಹೋಗುವುದಾದರೆ 8,500 ಬರೆಯಿರಿ. ವಾಪಸ್ ಮಡಿಕೇರಿಯಿಂದ ಮೈಸೂರಿಗೆ ಬರುವಾಗ 7,500. ವಿದ್ಯಾರ್ಥಿಗಳ ಹಾಳೆಯಲ್ಲಿ ವಾಪಸ್ ಮಟ್ಟಕ್ಕೂ ಹೋಗುವಾಗಿನ ಅಂಕಿಯೇ ಇರುವುದನ್ನು ಪದೇ ಪದೇ ಕಾಣುತ್ತೇನೆ. ತಿರುಗಿದ ತಕ್ಷಣ ಮಟ್ಟ ಬದಲಾಗಬೇಕು.

ಇಲ್ಲೊಂದು ಸೂಕ್ಷ್ಮ ಇದೆ. 6,500ರಲ್ಲಿ ಮೈಸೂರಿನ ಮೇಲೆ ನೀವು ನೆಲದಿಂದ 4,100 ಅಡಿ ಎತ್ತರದಲ್ಲಿದ್ದೀರಿ, ನಿಯಮ ಅನ್ವಯಿಸುತ್ತದೆ. ಮಡಿಕೇರಿಯ ಮೇಲೆ ಅದೇ 6,500 ನೆಲದಿಂದ 2,700 ಅಡಿ, ಅಕ್ಷರಶಃ ನೋಡಿದರೆ ಅನ್ವಯಿಸುವುದಿಲ್ಲ. ಈ ಸಡಿಲಿಕೆಯನ್ನು ಬಳಸಿಕೊಳ್ಳಬೇಡಿ. ಎದುರಿನಿಂದ ಬರುವವನು ಯಾವ ನೆಲದ ಲೆಕ್ಕ ಹಿಡಿದಿದ್ದಾನೋ ನಿಮಗೆ ತಿಳಿಯದು.

ನಿಮ್ಮ ವಿಮಾನ 8,500ಕ್ಕೆ ಏರಲು ಎಷ್ಟು ಹೊತ್ತು ಬೇಕು ಎಂದು ಹ್ಯಾಂಡ್‌ಬುಕ್‌ನಲ್ಲಿ ನೋಡಿ. ಬೇಸಿಗೆಯ ಬಿಸಿಗಾಳಿ ತೆಳುವಾಗಿರುತ್ತದೆ. 4,000 ಅಡಿಯಲ್ಲಿ ಪ್ರಮಾಣಿತ ಉಷ್ಣತೆ 7 ಡಿಗ್ರಿ. ಅಲ್ಲಿ 27 ಡಿಗ್ರಿ ಇದ್ದರೆ ನಿಮ್ಮ ಎಂಜಿನ್ ಮತ್ತು ರೆಕ್ಕೆ ಸುಮಾರು 6,400 ಅಡಿಯಲ್ಲಿದ್ದಂತೆ ಕೆಲಸ ಮಾಡುತ್ತವೆ. ಬೆಟ್ಟದ ಬುಡಕ್ಕೆ ಬಂದ ಮೇಲೆ ಏರಲು ಶುರು ಮಾಡಬೇಡಿ. ಪಿರಿಯಾಪಟ್ಟಣ ದಾಟುವಷ್ಟರಲ್ಲಿ ನಿಮ್ಮ ಮಟ್ಟದಲ್ಲಿರಬೇಕು. ಇಲ್ಲದಿದ್ದರೆ ಅಲ್ಲೇ ಸುತ್ತು ಹೊಡೆದು ಏರಿ.

ಹಂತ 4: ಮೋಡ ಮತ್ತು ನೋಟ

10,000 ಅಡಿಗಿಂತ ಕೆಳಗೆ ವಿಎಫ್‌ಆರ್ ಹಾರಾಟಕ್ಕೆ 5 ಕಿಲೋಮೀಟರ್ ನೋಟ ಬೇಕು. ಮೋಡದಿಂದ ಅಡ್ಡಲಾಗಿ 1,500 ಮೀಟರ್, ಲಂಬವಾಗಿ 1,000 ಅಡಿ ದೂರ ಇರಬೇಕು. ಅದಕ್ಕಿಂತ ಮೇಲೆ ನೋಟ 8 ಕಿಲೋಮೀಟರ್. ನಿಯಂತ್ರಣವಿಲ್ಲದ ವಾಯುಪ್ರದೇಶದಲ್ಲಿ, ಸಮುದ್ರಮಟ್ಟದಿಂದ 3,000 ಅಡಿ ಅಥವಾ ನೆಲದಿಂದ 1,000 ಅಡಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಲ್ಲಿಯವರೆಗೆ ಮೋಡದ ಹೊರಗಿದ್ದು ನೆಲ ಕಾಣುತ್ತಿದ್ದರೆ ಸಾಕು.

ಈ ಕೊನೆಯ ಸಾಲನ್ನು ಓದಿದವರು 3,000 ಎಂಬ ಅಂಕಿಯನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಮಡಿಕೇರಿಯ ನೆಲವೇ 3,800 ಅಡಿ, ಆದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು ನೆಲದಿಂದ 1,000 ಅಡಿ. ಆ ಮಟ್ಟದ ಮೇಲೆ ಹೋದ ಕೂಡಲೇ ಮೋಡದಿಂದ ಪೂರ್ತಿ ಅಂತರ ಬೇಕು.

ವಿಮಾನ ನಿಲ್ದಾಣದ ನಿಯಂತ್ರಣ ವಲಯದಲ್ಲಿ ಮೋಡದ ತಳ 1,500 ಅಡಿಗಿಂತ ಕೆಳಗಿದ್ದರೆ ಅಥವಾ ನೋಟ 5 ಕಿಲೋಮೀಟರಿಗಿಂತ ಕಡಿಮೆಯಿದ್ದರೆ ವಿಎಫ್‌ಆರ್‌ನಲ್ಲಿ ಏರುವಂತಿಲ್ಲ, ಇಳಿಯುವಂತಿಲ್ಲ, ವಿಶೇಷ ಅನುಮತಿ ಸಿಕ್ಕರೆ ಬೇರೆ ಮಾತು. ಸೂರ್ಯಾಸ್ತದ ನಂತರವೂ ಎಟಿಸಿ ಅನುಮತಿಯಿಲ್ಲದೆ ವಿಎಫ್‌ಆರ್ ಇಲ್ಲ. ಕಣಿವೆಯಲ್ಲಿ ಬೆಟ್ಟದ ನೆರಳು ಗಡಿಯಾರಕ್ಕಿಂತ ಬಹಳ ಮೊದಲೇ ಕತ್ತಲೆ ತರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಕೊಡಗಿನ ವರ್ಷವನ್ನು ಹೀಗೆ ಓದಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ವಿಎಫ್‌ಆರ್ ಯೋಜನೆಯೇ ಬೇಡ. ಡಿಸೆಂಬರ್, ಜನವರಿಯ ಬೆಳಗ್ಗೆ ಮೇಲೆ ನೀಲಿ ಆಕಾಶ, ಕೆಳಗೆ ಕಣಿವೆ ತುಂಬ ಮಂಜು. ಮಂಜಿನ ಮೇಲೆ ಹಾಯಾಗಿ ಹಾರಬಹುದು, ಆದರೆ ಎಂಜಿನ್ ನಿಂತರೆ ಇಳಿಯುವ ಗದ್ದೆ ಕಾಣುವುದಿಲ್ಲ. ಮಂಜು ಕರಗುವವರೆಗೆ ಕಾಯಿರಿ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಬೆಳೆಗಾರರು ಹೂಮಳೆಗೆ ಆಕಾಶ ನೋಡುತ್ತಿರುತ್ತಾರೆ. ಆ ಮಳೆ ತರುವ ಗುಡುಗಿನ ಮೋಡ ಮಧ್ಯಾಹ್ನದ ನಂತರವೇ ಬೆಳೆಯುವುದು ಹೆಚ್ಚು. ಈ ತಿಂಗಳುಗಳಲ್ಲಿ ಬೆಳಗ್ಗೆ ಹೋಗಿ ಹನ್ನೊಂದರೊಳಗೆ ವಾಪಸ್ ಇಳಿದಿರಬೇಕು. ಬೆಳಗ್ಗೆ ಪಶ್ಚಿಮಕ್ಕೆ ಹೋಗುವಾಗ ಸೂರ್ಯ ಬೆನ್ನಿಗಿರುತ್ತಾನೆ, ಬೆಟ್ಟದ ಅಂಚುಗಳು ಸ್ಪಷ್ಟವಾಗಿ ಕಾಣುತ್ತವೆ. ಸಂಜೆ ಹೋದರೆ ಬಿಸಿಲು ನೇರ ಕಣ್ಣಿಗೆ.

ಅಪಾಯದ ಗುರುತುಗಳು: ಎರಡು ನಿಮಿಷದ ಹಿಂದೆ ಕಾಣುತ್ತಿದ್ದ ಬೆಟ್ಟದ ನೆತ್ತಿ ಈಗ ಮೋಡದೊಳಗಿದೆ. ಮೋಡದ ತಳ ತಪ್ಪಿಸಲು ನೀವು ಎರಡನೇ ಸಲ ಇಳಿಯುತ್ತಿದ್ದೀರಿ. ನೆಲ ನೇರ ಕೆಳಗೆ ಕಾಣುತ್ತದೆ, ಮುಂದೆ ಕಾಣುವುದಿಲ್ಲ. ಇವುಗಳಲ್ಲಿ ಒಂದು ಕಂಡರೂ ಸಾಕು, ಹಿಂದಿನ ಆಕಾಶ ತೆರೆದಿರುವಾಗಲೇ ತಿರುಗಿ. ಇನ್ನೊಂದು ಐದು ನಿಮಿಷ ನೋಡೋಣ ಎಂದು ಮುಂದುವರಿಯುವುದೇ ಘಟ್ಟದಲ್ಲಿ ಜೀವ ತೆಗೆಯುವ ತಪ್ಪು.

ಹಂತ 5: ಅನುಮತಿ, ಇಂಧನ

ಫ್ಲೈಟ್ ಪ್ಲಾನ್ ಹೊರಡುವ ಸಮಯಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಸಲ್ಲಿಸಿ. ಹಾರಾಟ ಮಾಹಿತಿ ಕೇಂದ್ರದ ಎಫ್‌ಐಸಿ ಸಂಖ್ಯೆ ಮತ್ತು ವಾಯುರಕ್ಷಣಾ ಅನುಮತಿಯ ಎಡಿಸಿ ಸಂಖ್ಯೆ ಕೈಗೆ ಬಂದ ಮೇಲೆಯೇ ಹೊರಡಬೇಕು. ದಾರಿಯಲ್ಲಿ ನಿಷೇಧಿತ ಅಥವಾ ನಿರ್ಬಂಧಿತ ಪ್ರದೇಶ ಇದೆಯೇ, ಕಣ್ಣೂರು ಅಥವಾ ಮಂಗಳೂರಿನ ನಿಯಂತ್ರಿತ ವಾಯುಪ್ರದೇಶಕ್ಕೆ ಗೆರೆ ತಾಗುತ್ತದೆಯೇ, ನಕ್ಷೆ ಮತ್ತು ನೋಟಾಮ್ ಎರಡರಲ್ಲೂ ನೋಡಿ. ಹಗಲಿನ ವಿಎಫ್‌ಆರ್‌ಗೆ ತಲುಪುವಷ್ಟು ಇಂಧನದ ಮೇಲೆ 30 ನಿಮಿಷದ ಮೀಸಲು ಕನಿಷ್ಠ. ಬೆಟ್ಟದಿಂದ ತಿರುಗಿ ಬರಬೇಕಾಗುವ ಈ ದಾರಿಗೆ ಒಂದು ಗಂಟೆ ಇಟ್ಟುಕೊಳ್ಳಿ.

ಹಂತ 6: ಕಣ್ಣು ಹೊರಗಿಡಿ

ಎರಡು ಸಣ್ಣ ವಿಮಾನಗಳು ತಲಾ 100 ನಾಟ್ ವೇಗದಲ್ಲಿ ಎದುರುಬದುರಾಗಿ ಬಂದರೆ ಅವುಗಳ ನಡುವಿನ ಅಂತರ ಸೆಕೆಂಡಿಗೆ 100 ಮೀಟರಿಗೂ ಹೆಚ್ಚು ಕರಗುತ್ತದೆ. 3 ಕಿಲೋಮೀಟರ್ ದೂರದಲ್ಲಿ ಕಂಡರೆ ಉಳಿದಿರುವುದು ಅರ್ಧ ನಿಮಿಷಕ್ಕೂ ಕಡಿಮೆ. ಕಂಡದ್ದು ವಿಮಾನ ಎಂದು ಗುರುತಿಸಿ, ತೀರ್ಮಾನಿಸಿ, ಕೈ ಆಡಿಸಿ, ವಿಮಾನ ನಿಜವಾಗಿ ತಿರುಗುವಷ್ಟರಲ್ಲಿ ಹನ್ನೆರಡು ಸೆಕೆಂಡು ಹೋಗಿಬಿಡುತ್ತವೆ.

ಆಕಾಶದ ಮೇಲೆ ಕಣ್ಣನ್ನು ಒಂದೇ ಸಮನೆ ಜಾರಿಸಿದರೆ ಏನೂ ಕಾಣುವುದಿಲ್ಲ. ಹತ್ತು ಡಿಗ್ರಿಯ ಒಂದೊಂದು ತುಂಡಿನಲ್ಲಿ ಒಂದೆರಡು ಸೆಕೆಂಡು ನಿಲ್ಲಿಸಿ ಮುಂದೆ ಹೋಗಿ. ಗಾಜಿನ ಮೇಲೆ ಸರಿಯುತ್ತಿರುವ ಚುಕ್ಕೆ ನಿಮ್ಮನ್ನು ದಾಟಿ ಹೋಗುತ್ತದೆ. ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುತ್ತಿರುವ ಚುಕ್ಕೆ ನಿಮಗೇ ಡಿಕ್ಕಿಯಾಗಲಿದೆ. ಕಣ್ಣು ಅಲುಗುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಬಿಟ್ಟುಬಿಡುತ್ತದೆ. ಅಪಾಯಕಾರಿ ವಿಮಾನವೇ ಕಣ್ತಪ್ಪುವುದು ಇದರಿಂದ. ಕಿಟಕಿಯ ಕಂಬದ ಹಿಂದೆ ಏನಿದೆ ಎಂದು ತಲೆ ಬಗ್ಗಿಸಿ ನೋಡಿ. ತಿರುಗುವ ಮೊದಲು ತಿರುಗುವ ಕಡೆ ನೋಡಿ, ರೆಕ್ಕೆ ಎತ್ತಿ ಇನ್ನೊಮ್ಮೆ ನೋಡಿ. ಬೆಟ್ಟದ ಅಂಚಿನಲ್ಲಿ ಬಿಸಿಗಾಳಿ ಹಿಡಿದು ಸುತ್ತುವ ಗರುಡ, ಹದ್ದುಗಳೂ ಈ ನೋಟದಲ್ಲೇ ಸಿಗಬೇಕು.

ಹಂತ 7: ದಾರಿ ಯಾರದು

ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ. ಇಲ್ಲಿ ತಪ್ಪು ಕಡಿಮೆ.

ತಪ್ಪು ಆಗುವುದು ಎರಡು ದಾರಿ ಕೂಡುವಲ್ಲಿ. ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿ ಇನ್ನೊಂದು ವಿಮಾನ ನಿಮ್ಮ ಬಲಗಡೆಯಿಂದ ಬರುತ್ತಿದ್ದರೆ ದಾರಿ ಅದರದು, ಬಿಡಬೇಕಾದವರು ನೀವು. ರಾತ್ರಿಯ ದೀಪದಲ್ಲಿ ಇದು ಸುಲಭವಾಗಿ ನೆನಪಿರುತ್ತದೆ. ಪ್ರತಿ ವಿಮಾನದ ಎಡರೆಕ್ಕೆಯ ತುದಿಯಲ್ಲಿ ಕೆಂಪು, ಬಲರೆಕ್ಕೆಯಲ್ಲಿ ಹಸಿರು, ಬಾಲದಲ್ಲಿ ಬಿಳಿ. ಬಲದಿಂದ ಎಡಕ್ಕೆ ನಿಮ್ಮ ಮುಂದೆ ದಾಟುತ್ತಿರುವ ವಿಮಾನದ ಕೆಂಪು ನಿಮಗೆ ಕಾಣುತ್ತದೆ. ಕೆಂಪು ಕಂಡರೆ ದಾರಿ ಬಿಡಿ. ಬಿಡುವಾಗ ಅದರ ಮೇಲಿನಿಂದ, ಕೆಳಗಿನಿಂದ, ಮುಂದಿನಿಂದ ಹಾಯುವಂತಿಲ್ಲ. ಬಲಕ್ಕೆ ತಿರುಗಿ ಅದರ ಹಿಂದಿನಿಂದ ಹೋಗಿ.

ಈ ನಿಯಮಕ್ಕೂ ಮೇಲೆ ಇನ್ನೊಂದು ಇದೆ: ತಾನೇ ತಪ್ಪಿಸಿಕೊಳ್ಳುವ ಶಕ್ತಿ ಕಡಿಮೆ ಇರುವವನಿಗೆ ದಾರಿ. ಎಂಜಿನ್ ಇರುವ ವಿಮಾನ ಏರ್‌ಶಿಪ್, ಗ್ಲೈಡರ್, ಬಲೂನು ಮೂರಕ್ಕೂ ದಾರಿ ಬಿಡಬೇಕು. ಏರ್‌ಶಿಪ್ ಗ್ಲೈಡರ್‌ಗೂ ಬಲೂನಿಗೂ, ಗ್ಲೈಡರ್ ಬಲೂನಿಗೆ. ಇನ್ನೊಂದನ್ನು ಎಳೆದುಕೊಂಡು ಹೋಗುತ್ತಿರುವ ವಿಮಾನಕ್ಕೂ ದಾರಿ ಬಿಡಬೇಕು. ಮೈಕ್ರೋಲೈಟ್ ಎಂಬ ಅತಿ ಹಗುರ ವಿಮಾನಕ್ಕೆ ಎಂಜಿನ್ ಇದೆ, ಹಾಗಾಗಿ ಅದು ನಿಮ್ಮ ಸಾಲಿನದೇ. ಆದರೆ ಅದು ನಿಧಾನ, ಗಾಳಿಗೆ ಬೇಗ ಅಲುಗುತ್ತದೆ. ದಾರಿ ನಿಮ್ಮದಾದರೂ ದೂರ ಸರಿಯಿರಿ.

ಹಿಂದಿನಿಂದ ಬಂದು ದಾಟುವಾಗ ಮುಂದಿನವನಿಗೆ ದಾರಿ, ನೀವು ಬಲಕ್ಕೆ ಸರಿದು ದಾಟಬೇಕು. ರಸ್ತೆಯಲ್ಲಿ ಬಲಗಡೆಯಿಂದ ಓವರ್‌ಟೇಕ್ ಮಾಡಿ ಅಭ್ಯಾಸ ಇರುವ ನಮಗೆ ಇದು ಸುಲಭ. ಎದುರು ಬಂದವನನ್ನು ತಪ್ಪಿಸಲು ನಾವು ಬಲಕ್ಕೆ ತಿರುಗುವುದೇ ಕಷ್ಟ, ಏಕೆಂದರೆ ಘಟ್ಟದ ರಸ್ತೆಯಲ್ಲಿ ನಮ್ಮ ಕೈ ಎಡಕ್ಕೆ ಪಳಗಿದೆ. ಗಾಬರಿಯಲ್ಲಿ ಕೈ ಆ ಹಳೆಯ ಅಭ್ಯಾಸಕ್ಕೇ ಮರಳುತ್ತದೆ. ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕಣ್ಮುಚ್ಚಿ ‘ಎದುರು’ ಎಂದಾಗ ಬಲಕ್ಕೆ ಕೈ ಹೋಗುವವರೆಗೆ ಅಭ್ಯಾಸ ಮಾಡಿ. ಚಿಕ್ಕ ಕೆಲಸ ಎಂದು ಬಿಡಬೇಡಿ.

ಇಳಿಯುತ್ತಿರುವ ಎರಡು ವಿಮಾನಗಳಲ್ಲಿ ಕೆಳಗಿರುವುದಕ್ಕೆ ದಾರಿ. ಹಾಗೆಂದು ಬೇಗ ಕೆಳಗಿಳಿದು ಇನ್ನೊಬ್ಬನ ಮುಂದೆ ತೂರಿಕೊಳ್ಳುವಂತಿಲ್ಲ. ತುರ್ತಿನಲ್ಲಿರುವ ವಿಮಾನಕ್ಕೆ ಎಲ್ಲರೂ ದಾರಿ ಬಿಡಬೇಕು. ನೆಲದ ಮೇಲೆ ಟ್ಯಾಕ್ಸಿ ಮಾಡುತ್ತಿರುವವನು, ಅಂದರೆ ವಿಮಾನವನ್ನು ನಿಧಾನವಾಗಿ ಓಡಿಸಿಕೊಂಡು ಹೋಗುತ್ತಿರುವವನು, ಏರುತ್ತಿರುವವನಿಗೂ ಇಳಿಯುತ್ತಿರುವವನಿಗೂ ಬಿಡಬೇಕು.

ದಾರಿ ನಿಮ್ಮದು ಎಂದಾದರೆ ದಿಕ್ಕು ಮತ್ತು ವೇಗ ಬದಲಿಸಬೇಡಿ. ಇನ್ನೊಬ್ಬ ನಿಮ್ಮ ನಡೆಯನ್ನು ಊಹಿಸಲು ಆಗಬೇಕು. ಆದರೂ ಅವನು ನಿಮ್ಮನ್ನು ನೋಡಿದ ಲಕ್ಷಣ ಕಾಣದಿದ್ದರೆ ನೀವೇ ತಪ್ಪಿಸಿ. ದಾರಿಯ ಹಕ್ಕು ಡಿಕ್ಕಿ ತಪ್ಪಿಸುವ ಹೊಣೆಯನ್ನು ಯಾರಿಂದಲೂ ಇಳಿಸುವುದಿಲ್ಲ.

ಮೈಸೂರು–ಮಡಿಕೇರಿ ಹೆದ್ದಾರಿಯನ್ನೋ ಕಾವೇರಿಯನ್ನೋ ಗುರುತಾಗಿ ಹಿಡಿದು ಹೋಗುವಾಗ ಅದರ ನೇರ ಮೇಲೆ ಹಾರದೆ ಬಲಬದಿಗಿರಿ. ಎದುರಿನವನೂ ತನ್ನ ಬಲಬದಿಯಲ್ಲಿದ್ದರೆ ನಡುವೆ ನದಿಯೋ ರಸ್ತೆಯೋ ಇರುತ್ತದೆ.

ಹಂತ 8: ಬೆಟ್ಟಸಾಲು ದಾಟುವುದು, ಕಣಿವೆಯಿಂದ ತಿರುಗುವುದು

ಬೆಟ್ಟಸಾಲನ್ನು ನೇರವಾಗಿ ಎದುರಿಸಿ ದಾಟಬೇಡಿ. ಸುಮಾರು 45 ಡಿಗ್ರಿ ಓರೆಯಾಗಿ ಹತ್ತಿರ ಹೋಗಿ. ದಾಟಲಾಗದು ಎನಿಸಿದರೆ ಆಗ ಅರ್ಧ ತಿರುವಿಗೆ ಹೊರಬರಬಹುದು. ಬೆಟ್ಟದಾಚೆಯ ನೆಲ ಕ್ಷಣಕ್ಷಣಕ್ಕೆ ಹೆಚ್ಚು ಕಾಣುತ್ತಿದ್ದರೆ ನೀವು ಮೇಲಿದ್ದೀರಿ. ಕಡಿಮೆ ಕಾಣುತ್ತಿದ್ದರೆ ಬೆಟ್ಟ ನಿಮಗಿಂತ ಎತ್ತರ, ಕೂಡಲೇ ತಿರುಗಿ.

ಪಶ್ಚಿಮದ ಗಾಳಿ ಬೆಟ್ಟದ ಆಚೆ ಮಗ್ಗುಲಲ್ಲಿ ಏರಿ, ನಮ್ಮ ಪೂರ್ವದ ಮಗ್ಗುಲಲ್ಲಿ ಕೆಳಗೆ ಬೀಳುತ್ತದೆ. ಮೈಸೂರಿನಿಂದ ಬರುವವರು ಈ ಬೀಳುಗಾಳಿಗೆ ಎದುರಾಗಿಯೇ ಬೆಟ್ಟ ಸೇರುತ್ತಾರೆ. ಪೂರ್ತಿ ಶಕ್ತಿ ಕೊಟ್ಟರೂ ವಿಮಾನ ಇಳಿಯುತ್ತಿದ್ದರೆ ಮೂತಿ ಎತ್ತಿ ಹೋರಾಡಬೇಡಿ, ವೇಗ ಹೋಗಿ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತಿಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ. ಬೆಟ್ಟಕ್ಕೆ ಬೆನ್ನು ಹಾಕಿ ತಗ್ಗಿನ ಕಡೆ ಹೊರಬನ್ನಿ. ನೆತ್ತಿಯ ಮಟ್ಟದಲ್ಲಿ ಗಾಳಿ 20 ನಾಟ್ ದಾಟಿದ ದಿನ ಸಣ್ಣ ವಿಮಾನದಲ್ಲಿ ಬೆಟ್ಟಸಾಲಿಗೆ ಹೋಗದಿರುವುದು ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಣಿವೆಯ ನಡುಮಧ್ಯ ಹಾರಬೇಡಿ. ಒಂದು ಬದಿಗಿದ್ದರೆ ತಿರುಗಲು ಪೂರ್ತಿ ಅಗಲ ಸಿಗುತ್ತದೆ. 90 ನಾಟ್ ವೇಗದಲ್ಲಿ ರೆಕ್ಕೆಯನ್ನು 30 ಡಿಗ್ರಿ ಓರೆ ಮಾಡಿ ಹಿಂದಕ್ಕೆ ತಿರುಗಲು ಸುಮಾರು 760 ಮೀಟರ್ ಅಗಲ ಬೇಕು. 110 ನಾಟ್ ಆದರೆ ಸುಮಾರು 1,130 ಮೀಟರ್. ಆದ್ದರಿಂದ ಕಣಿವೆ ಕಿರಿದಾಗುವ ಮೊದಲೇ ವೇಗ ತಗ್ಗಿಸಿ. 45 ಡಿಗ್ರಿ ಓರೆಯಲ್ಲಿ ಕಡಿಮೆ ಜಾಗ ಸಾಕು, ಆದರೆ ಸ್ಟಾಲ್ ವೇಗ ಸುಮಾರು 19 ಶೇಕಡಾ ಏರುತ್ತದೆ. ಮೇಲೆ ಗಾಳಿ ತೆಳುವಾದಷ್ಟೂ ಮೀಟರಿನಲ್ಲಿ ಕಾಣುವ ವೇಗಕ್ಕಿಂತ ನಿಜವೇಗ ಹೆಚ್ಚು, ತಿರುವು ಇನ್ನೂ ದೊಡ್ಡದು. ಕಣಿವೆಗಳಿಗೆ ಅಡ್ಡಲಾಗಿ ಎಳೆದ ವಿದ್ಯುತ್ ತಂತಿ ಕಾಣುವುದೇ ಇಲ್ಲ, ಎರಡೂ ಬದಿಯ ಗೋಪುರಗಳನ್ನು ಹುಡುಕಿ ಮತ್ತು ದಾಟುವಾಗ ಗೋಪುರದ ಮೇಲೆಯೇ ದಾಟಿ.

ಸಂಪಾಜೆ ಕಡೆ ನೆಲ ಬಹಳ ಬೇಗ ಇಳಿಯುತ್ತದೆ. ಅಲ್ಲಿ ತಗ್ಗಿನಿಂದ ಮೇಲಕ್ಕೆ, ಅಂದರೆ ಕರಾವಳಿಯಿಂದ ಮಡಿಕೇರಿ ಕಡೆಗೆ, ಕಣಿವೆ ಹಿಡಿದು ಏರುತ್ತ ಬರುವ ಯೋಜನೆ ಮಾಡಲೇಬೇಡಿ. ನೆಲ ಏರುವ ವೇಗಕ್ಕೆ ಸಣ್ಣ ವಿಮಾನ ಏರಲಾರದೆ ಹೋಗಬಹುದು. ಎತ್ತರ ಪಡೆದು ಆಮೇಲೆ ಘಟ್ಟಕ್ಕೆ ಬನ್ನಿ.

ಹಂತ 9: ರೇಡಿಯೊ ಸತ್ತರೆ

ರೇಡಾರ್‌ಗೆ ನಿಮ್ಮ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಇಡಿ. ತುರ್ತಿಗೆ 7700, ಅಪಹರಣಕ್ಕೆ 7500. ತುರ್ತಿನ ರೇಡಿಯೊ ಕಂಪನಾಂಕ 121.5 ಮೆಗಾಹರ್ಟ್ಸ್. ಬೆಟ್ಟದ ಹಿಂದೆ ತಗ್ಗಿನಲ್ಲಿದ್ದಾಗ ರೇಡಿಯೊ ಮೌನವಾದರೆ ಅದು ಕೆಟ್ಟಿರಬೇಕೆಂದಿಲ್ಲ, ಸಂಕೇತಕ್ಕೆ ಬೆಟ್ಟ ಅಡ್ಡ ಬಂದಿರಬಹುದು. ಮೊದಲು ಏರಿ, ವಾಲ್ಯೂಮ್ ಮತ್ತು ಹೆಡ್‌ಸೆಟ್ ಪ್ಲಗ್ ನೋಡಿ. ನಿಜವಾಗಿ ಕೆಟ್ಟಿದ್ದರೆ ನೋಟ ಚೆನ್ನಾಗಿರುವ ಕಡೆಯಲ್ಲೇ ಉಳಿದು, ಹತ್ತಿರದ ಸೂಕ್ತ ನಿಲ್ದಾಣದಲ್ಲಿ ಇಳಿದು ಕೂಡಲೇ ತಿಳಿಸಿ.

ನಿಲ್ದಾಣದ ನಿಯಂತ್ರಣ ಗೋಪುರದ ದೀಪ ಓದಲು ಬರಬೇಕು. ಹಾರುತ್ತಿರುವಾಗ ಸ್ಥಿರ ಹಸಿರು ಎಂದರೆ ಇಳಿಯಬಹುದು. ಸ್ಥಿರ ಕೆಂಪು ಎಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ. ಮಿನುಗುವ ಹಸಿರು, ಇಳಿಯಲು ಹಿಂದಿರುಗಿ. ಮಿನುಗುವ ಕೆಂಪು, ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ. ಮಿನುಗುವ ಬಿಳಿ, ಇಲ್ಲೇ ಇಳಿದು ವಿಮಾನ ನಿಲ್ಲಿಸುವ ಜಾಗವಾದ ಏಪ್ರನ್‌ಗೆ ಹೋಗಿ. ಮಿನುಗುವ ಹಸಿರಿನಲ್ಲೇ ಎಲ್ಲರಿಗೂ ಗೊಂದಲ. ಆಕಾಶದಲ್ಲಿ ಅದು ಇಳಿಯುವ ಅನುಮತಿಯಲ್ಲ, ಸ್ಥಿರ ಹಸಿರು ಬರುವವರೆಗೆ ಕಾಯಬೇಕು. ನೆಲದ ಮೇಲೆ ಅದೇ ದೀಪಕ್ಕೆ ಟ್ಯಾಕ್ಸಿ ಮಾಡಬಹುದು ಎಂಬ ಅರ್ಥ. ಹಗಲಲ್ಲಿ ಕಂಡೆ ಎಂದು ತಿಳಿಸಲು ರೆಕ್ಕೆ ಅಲುಗಿಸಿ.

ಹಂತ 10: ಸರ್ಕ್ಯೂಟ್ ಸೇರಿ ಇಳಿಯುವುದು

ಸರ್ಕ್ಯೂಟ್ ಎಂದರೆ ಇಳಿಯುವ ಮೊದಲು ರನ್‌ವೇ ಸುತ್ತ ಹಾರುವ ಗೊತ್ತಾದ ದಾರಿ. ಬೇರೆ ಸೂಚನೆ ಇಲ್ಲದಿದ್ದರೆ ಅದರ ತಿರುವುಗಳೆಲ್ಲ ಎಡಕ್ಕೆ. ಬೆಟ್ಟ ದಾಟಿದ ನಿರಾಳದಲ್ಲಿ ಈ ಕೊನೆಯ ಹತ್ತು ನಿಮಿಷ ಗಮನ ಸಡಿಲವಾಗುತ್ತದೆ, ಉಳಿದ ವಿಮಾನಗಳು ಒಟ್ಟಾಗುವುದೂ ಇಲ್ಲೇ. 7,500 ಅಡಿಯಿಂದ ನಿಲ್ದಾಣದ ತಲೆಯ ಮೇಲೆ ಬಂದು ಬೀಳಬೇಡಿ. ನಾಗರಹೊಳೆಯ ಕಾಡು ಹಿಂದೆ ಬಿಟ್ಟು ಹುಣಸೂರಿನ ಸುತ್ತ ಬರುವಾಗಲೇ ಎಟಿಸಿ ಜೊತೆ ಮಾತಾಡಿ ನಿಧಾನವಾಗಿ ಇಳಿಯಲು ಶುರು ಮಾಡಿ. ಕಾಡಿನ ಮೇಲೆ ಆನೆ ನೋಡಲೆಂದು ಯಾರೂ ತಗ್ಗಬಾರದು. ಎಂಜಿನ್ ಸದ್ದಿಗೆ ಮರಿಗಳಿರುವ ಹಿಂಡು ದಿಕ್ಕೆಟ್ಟು ಓಡುತ್ತದೆ.

ಇಳಿದ ಮೇಲೆ ಒಂದು ಕೆಲಸ ಉಳಿದಿದೆ. ಎಟಿಸಿ ಇಲ್ಲದ ಜಾಗದಲ್ಲಿ ಅಥವಾ ಯೋಜನೆಯಲ್ಲಿ ಬರೆದಿರದ ನಿಲ್ದಾಣದಲ್ಲಿ ಇಳಿದಿದ್ದರೆ ತಲುಪಿದ ಸುದ್ದಿಯನ್ನು ಕೂಡಲೇ ಫೋನ್ ಮಾಡಿ ತಿಳಿಸಿ ಫ್ಲೈಟ್ ಪ್ಲಾನ್ ಮುಚ್ಚಿಸಿ. ನಿರೀಕ್ಷಿತ ಸಮಯ ಮೀರಿ 30 ನಿಮಿಷವಾದರೂ ಸುದ್ದಿಯಿಲ್ಲದಿದ್ದರೆ ನಿಮ್ಮ ವಿಮಾನವನ್ನು ಅನಿಶ್ಚಿತ ಹಂತದಲ್ಲಿದೆ ಎಂದು ಪರಿಗಣಿಸಿ ವಿಚಾರಣೆ ಶುರುವಾಗುತ್ತದೆ, ಮುಂದೆ ಅದೇ ಹುಡುಕಾಟಕ್ಕೆ ತಿರುಗುತ್ತದೆ. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಸಿಗದಿರಬಹುದು, ಆದ್ದರಿಂದ ಹೊರಡುವ ಮೊದಲೇ ನಿಲ್ದಾಣದ ಸ್ಥಿರ ದೂರವಾಣಿ ಸಂಖ್ಯೆಯನ್ನು ಯೋಜನೆಯ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ.